ಸತ್ಯಾಂಶ: 2048 ಬಿಟ್ ಇದ್ರೆ ಸಾಕಾ?

ನಮ್ಮ ದಾವಣಗೆರೆ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಾ ಐತಿ, "ವೆಬ್‌ಸೈಟ್ ಸರ್ಟಿಫಿಕೇಟಲ್ಲಿ 2048 ಬಿಟ್ ಅಂತ ಇದ್ರೆ ಯಾರೂ ಒಡೆಯೋಕಾಗಲ್ಲ" ಅಂತ. ಸರ್ಟಿಫಿಕೇಟ್ ಅಂದ್ರೆ ವೆಬ್‌ಸೈಟಿನ ಗುರುತಿನ ಚೀಟಿ, 2048 ಬಿಟ್ ಅಂದ್ರೆ ಅದರ ಗುಪ್ತಲಿಪಿ ಕೀಲಿ, ಅಂದ್ರೆ ಕೀ, ಎಷ್ಟು ಉದ್ದ ಅನ್ನೋದು. ಫಾರ್ವರ್ಡ್ ಮಾತು ಅರ್ಧ ಮಾತ್ರ ನಿಜ ರೀ. ಉದ್ದ ಬೇಕೇ ಬೇಕು, 512 ಬಿಟ್ಟಿನ, ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸಿ ಮಾಡೋ ಆರ್‌ಎಸ್‌ಎ ಕೀನ 1999ರಲ್ಲೇ ಒಡೆದಿದ್ರು, ಆದ್ರೆ ಆ ಕೀ ಹೆಂಗೆ ಹುಟ್ತು ಅನ್ನೋದೂ ಅಷ್ಟೇ ಮುಖ್ಯ. ಮಂಡಿಪೇಟೆಲಿ ಎಷ್ಟೇ ದಪ್ಪನ ಬೀಗ ತಗೊಳ್ರಿ, ಅದನ್ನ ಮಾಡಿದೋರು ಹತ್ತೇ ಥರದ ಕೀಲಿ ಮಾಡಿದ್ರೆ ಕಳ್ಳ ಹತ್ತನ್ನೂ ಹಾಕಿ ನೋಡ್ತಾನೆ.

ಡೆಬಿಯನ್ ಲಿನಕ್ಸಲ್ಲಿ (ಸರ್ವರ್‌ಗಳಲ್ಲಿ ಬಳಸೋ ಒಂದು ಆಪರೇಟಿಂಗ್ ಸಿಸ್ಟಮ್) ಆಗಿದ್ದು ಇದೇ. 2006ರಲ್ಲಿ ಅದ್ರೊಳಗೆ ಕೀ ಹುಟ್ಟಿಸೋ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಲ್ ಕೋಡಿಂದ ಒಂದೆರಡು ಸಾಲು ತೆಗೆದ್ರು, ಅದ್ರಿಂದ ರ‍್ಯಾಂಡಮ್ ಆಗಿ ಬರ್ಬೇಕಾದ ನಂಬರಿಗೆ ಪ್ರೋಸೆಸ್ ಐಡಿ (ಓಡ್ತಿರೋ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡೋ ಚಿಕ್ಕ ನಂಬರ್) ಒಂದೇ ಆಧಾರ ಆಗೋಯ್ತು, ಅಂದ್ರೆ ಒಂದು ಥರದ ಮಷೀನಲ್ಲಿ ಒಂದು ಸೈಜಿಗೆ ಹುಟ್ಟೋದು ಸುಮಾರು 32 ಸಾವಿರ ಕೀ ಮಾತ್ರ, ಬಯಲಾಗಿದ್ದು 2008ರ ಮೇನಲ್ಲಿ. ನೋಡೋಕೆ ಎಲ್ಲಾ 2048 ಬಿಟ್ಟೇ!

2012ರಲ್ಲಿ ಸಂಶೋಧಕರು ಲಕ್ಷಗಟ್ಟಲೆ ಕೀ ಕಲೆಹಾಕಿ ನೋಡಿದ್ರೆ ಎಷ್ಟೋ ರೂಟರ್‌ಗಳ ಕೀನಲ್ಲಿ ಒಂದೇ ಅವಿಭಾಜ್ಯ ಸಂಖ್ಯೆ ಹಂಚಿಕೆ ಆಗಿತ್ತು, ಹಂಗಿದ್ರೆ ಶಾಲೆಲಿ ಕಲಿತ ಮಸಾಅ (ಎರಡು ಸಂಖ್ಯೆಗೂ ಸಾಮಾನ್ಯವಾದ ಅತಿ ದೊಡ್ಡ ಅಪವರ್ತನ) ಲೆಕ್ಕದಲ್ಲೇ ಎರಡೂ ಕೀ ಬಿಚ್ಕೊಳ್ತವೆ.

ಗಾಬರಿ ಬೇಡ, ಗೊತ್ತಿರೋ ದುರ್ಬಲ ಕೀಗೆ ಈಗ ಸರ್ಟಿಫಿಕೇಟ್ ಕೊಡಂಗಿಲ್ಲ. ಸರ್ವರ್ ನೋಡ್ಕೊಳ್ಳೋರು ಮಾತ್ರ ಹಳೇ ಕೀನೇ ಕಾಪಿ ಮಾಡ್ಬೇಡ್ರಿ, ಅಪ್‌ಡೇಟ್ ಆದ ಸಾಫ್ಟ್‌ವೇರಲ್ಲಿ ಹೊಸದು ಮಾಡ್ರಿ.