ಅರ್ಕಾವತಿ ಬತ್ತಿದ್ದಕ್ಕೆ ಮಳೆಯನ್ನು ದೂರಬೇಡಿ

"ಮೊದಲಿನ ಹಾಗೆ ಮಳೆ ಎಲ್ಲಿ ಬರುತ್ತೆ?" ಅರ್ಕಾವತಿಯ ವಿಷಯ ಬಂದಾಗಲೆಲ್ಲ ಯಾರಾದರೂ ಹೀಗೆ ಹೇಳಿ ಮಾತು ಮುಗಿಸುತ್ತಾರೆ. ನಾನಿದನ್ನು ಒಪ್ಪುವುದಿಲ್ಲ.

ನಂದಿ ಬೆಟ್ಟದಲ್ಲಿ ಹುಟ್ಟಿ ಕನಕಪುರದ ಕಡೆಯ ಸಂಗಮದಲ್ಲಿ ಕಾವೇರಿ ಸೇರುವ ಹೊಳೆ ಇದು. ಬೆಂಗಳೂರಿಗೆ ಮೊದಲು ನಲ್ಲಿ ನೀರು ಕೊಟ್ಟಿದ್ದೇ ಇದು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ, 1933ರಿಂದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ. 2012ರ ಹೊತ್ತಿಗೆ ಅಲ್ಲಿಂದ ನೀರು ಪಂಪ್ ಮಾಡುವುದೂ ನಿಂತಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಹಳೆಯ ಮಳೆ ಲೆಕ್ಕಗಳನ್ನು ತೆಗೆದು ನೋಡಿದರು. ಹೊಳೆ ಬತ್ತುವಷ್ಟು ಮಳೆಯೇನೂ ಕಡಿಮೆಯಾಗಿಲ್ಲ. ಅವರ ಅನುಮಾನ ಹೋಗಿದ್ದು ಬೋರ್‌ವೆಲ್ ಮತ್ತು ನೀಲಗಿರಿ ತೋಪುಗಳ ಮೇಲೆ.

ನಮ್ಮದು ಗಟ್ಟಿ ಬಂಡೆಯ ಸೀಮೆ. ಮೇಲೆ ಒಂದಿಷ್ಟು ಮಣ್ಣು, ಅದರಡಿ ಪುಡಿಗಲ್ಲು, ಆಮೇಲೆ ಬರೀ ಬಂಡೆ. ಮಳೆ ನೀರು ಮೇಲಿನ ಪದರಕ್ಕೆ ಇಳಿದು, ನಿಧಾನಕ್ಕೆ ಹಳ್ಳಕ್ಕೆ ಜಿನುಗುತ್ತಿತ್ತು. ಮಳೆ ನಿಂತ ಮೇಲೂ ಹೊಳೆ ಹರಿಯುತ್ತಿದ್ದದ್ದು ಈ ಒರತೆಯಿಂದ. ಈಗ ಸಾವಿರ ಅಡಿ ಕೊರೆದು ಬಂಡೆಯ ಬಿರುಕಿನ ನೀರನ್ನೂ ಎತ್ತುತ್ತಿದ್ದೇವೆ. ಮೇಲಿನ ಪದರ ಯಾವತ್ತೋ ಒಣಗಿಹೋಗಿದೆ. ತೆರೆದ ಬಾವಿಗಳಲ್ಲಿ ನೀರಿನ ಬದಲು ಮುಳ್ಳುಗಿಡ ಬೆಳೆದಿದೆ. ಬಿದ್ದ ಮಳೆಯೆಲ್ಲ ಆ ಒಣ ನೆಲಕ್ಕೇ ಸಾಲದು, ಇನ್ನು ಹಳ್ಳಕ್ಕೆ ಎಲ್ಲಿಂದ ಬರಬೇಕು?

ದೊಡ್ಡಬಳ್ಳಾಪುರದ ಕಡೆ ಒಂದು ಸಾಧಾರಣ ಮಳೆಯಾದ ಮರುದಿನ ನೀಲಗಿರಿ ತೋಪಿನೊಳಗೆ ಹೋಗಿ ನೋಡಿ. ತರಗೆಲೆ ಸರಿಸಿ ಕಡ್ಡಿಯಲ್ಲಿ ಕೆದಕಿದರೆ ಗೇಣುದ್ದದೊಳಗೇ ಒಣ ಮಣ್ಣು ಸಿಗುತ್ತದೆ. ಪಕ್ಕದ ರಾಗಿ ಹೊಲದಲ್ಲಿ ಅದೇ ಆಳಕ್ಕೆ ಹದ ಇರುತ್ತದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಒಳ್ಳೆಯದಾಯಿತು. ಆದರೆ ಕಡಿದ ಬೊಡ್ಡೆ ಮತ್ತೆ ಚಿಗುರುತ್ತದೆ. ರೈತರನ್ನು ಬೈಯುವುದು ಸುಲಭ. ಆಳು ಸಿಗದ, ಮಕ್ಕಳು ಊರು ಬಿಟ್ಟ ಮನೆಗೆ ಕೈಯಿಟ್ಟು ನೋಡಿಕೊಳ್ಳಬೇಕಿಲ್ಲದ ಬೆಳೆ ಬೇಕಿತ್ತು. ಅದಕ್ಕೇ ಹಾಕಿದರು.

ಕೆಳಪಾತ್ರದಲ್ಲಿ ಮಾತ್ರ ಹೊಳೆ ವರ್ಷವಿಡೀ ಹರಿಯುತ್ತದೆ. ಅದು ಉಪನದಿ ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದು, ಬಳಸಿ, ಗಲೀಜು ಮಾಡಿ ಅರ್ಕಾವತಿಗೆ ಬಿಡುತ್ತೇವೆ. ಅದು ಮತ್ತೆ ಕಾವೇರಿಗೇ ಹೋಗುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಪುನಶ್ಚೇತನ ಅಂದ ಕೂಡಲೇ ನಮ್ಮಲ್ಲಿ ಜೆಸಿಬಿ ಬರುತ್ತದೆ. ಕೆರೆಯ ಹೂಳು ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಅಂತರ್ಜಲ ಮೇಲೇರದೆ ಹೊಳೆಯ ಪಾತ್ರ ಬಗೆದು ಏನು ಪ್ರಯೋಜನ? ಮೊದಲು ಒಂದೊಂದು ಪಂಚಾಯ್ತಿಯೂ ತನ್ನ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಕಚೇರಿ ಗೋಡೆಯ ಮೇಲೆ ಬರೆಯಲಿ. ನೀಲಗಿರಿ ಬೊಡ್ಡೆ ಕೀಳಿಸುವ ಖರ್ಚನ್ನು ಸರ್ಕಾರ ಕೊಡಲಿ. ಅಲ್ಲಿ ರಾಗಿ, ತೊಗರಿ ಬೆಳೆದವರಿಗೆ ಒಳ್ಳೆಯ ಬೆಲೆಯೂ ಸಿಗಲಿ. ತಿಪ್ಪಗೊಂಡನಹಳ್ಳಿಯ ನೀರು ಕುಡಿದು ಬೆಳೆದ ಬೆಂಗಳೂರು ಈ ದುಡ್ಡಿನಲ್ಲಿ ಪಾಲು ಕೊಡಬೇಕಾದ್ದು ನ್ಯಾಯ ಅಲ್ವಾ?