ಈ ಫೋಟೋ ಹೋಗೋದೇ ಇಲ್ವಲ್ಲ!

ಮಾವನವರು ಫೋನ್ ಮಾಡಿದರೆ ಸಾಕು, ಯಾವುದೋ ಮದುವೆ ಊಟದಲ್ಲಿ ಬಾಯ್ತುಂಬ ಹೋಳಿಗೆ ತುಂಬಿಕೊಂಡ ಅವರ ಮುಖ ಪರದೆ ತುಂಬಾ ಬರುತ್ತದೆ. ಮೀಟಿಂಗ್‌ನಲ್ಲಿ ಫೋನ್ ಮೇಜಿನ ಮೇಲಿದ್ದರಂತೂ ಮುಗೀತು. ಫೋಟೋ ಹಾಕುವುದು ಸುಲಭ. ತೆಗೆಯಲು ಮಾತ್ರ ಕಾಂಟ್ಯಾಕ್ಟ್ ತೆರೆದು, ಎಡಿಟ್ ಒತ್ತಿ, ಫೋಟೋ ಮೇಲೆ ಇನ್ನೊಮ್ಮೆ ಒತ್ತಿ, 'ರಿಮೂವ್' ಎಲ್ಲಿದೆ ಅಂತ ಹುಡುಕಬೇಕು. ಅಷ್ಟಾದರೂ ಮತ್ತೆ ಹಾಜರ್! ಯಾಕಂದ್ರೆ ಅದೇ ನಂಬರ್ ಫೋನಿನಲ್ಲೂ ಇದೆ, ಇಮೇಲ್ ಖಾತೆಯಲ್ಲೂ ಇದೆ. ಎರಡನ್ನೂ ಫೋನು ತಾನೇ ಜೋಡಿಸಿಬಿಟ್ಟಿದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯದನ್ನು ತಂದು ತೋರಿಸುತ್ತದೆ. ಹಳೇ ಸಿಮ್ಮೇ ವಾಸಿ, ಅದರಲ್ಲಿ ಹೆಸರು, ನಂಬರ್‌ಗೆ ಬಿಟ್ಟರೆ ಫೋಟೋಗೆ ಜಾಗವೇ ಇರಲಿಲ್ಲ. ಈಗ ಆ ಜೋಡಣೆ (ಲಿಂಕ್) ಬಿಡಿಸಿ ಎರಡೂ ಕಡೆ ಅಳಿಸಬೇಕು. ಸುಮ್ನೆ 'ಫೋಟೋ ಬೇಡ' ಅಂತ ಒಂದು ಗುಂಡಿ ಕೊಡೋಕೆ ಏನು ಕಷ್ಟ ಈ ಫೋನ್ ಕಂಪನಿಯವರಿಗೆ?