ಟೆಂಡರ್ ಬಲೆಗೆ ಇರಲಿ, ಗಾಳಕ್ಕೆ ಬೇಡ

ನಮ್ಮ ಶಿವಮೊಗ್ಗ ಕಡೆ ಈಗ ಎಷ್ಟೋ ಕೆರೆಗಳ ಏರಿ ಮೇಲೆ ಬೋರ್ಡ್ ನಿಂತಿರುತ್ತದೆ. ಮೀನು ಪಾಶುವಾರು ಹಕ್ಕು, ಅಂದರೆ ಮೀನು ಹಿಡಿಯುವ ಹಕ್ಕು ಹರಾಜಾಗಿದೆ, ಅನುಮತಿ ಇಲ್ಲದೆ ಮೀನು ಹಿಡಿದರೆ ದಂಡ ಅಂತ. ಕಾವಲಿಗೆ ಒಬ್ಬ ಇರುತ್ತಾನೆ. ಎಂಟನೇ ಕ್ಲಾಸಿನ ಹುಡುಗ ಬಿದಿರು ಕಡ್ಡಿಗೆ ದಾರ ಕಟ್ಟಿಕೊಂಡು ಬಂದರೂ ಓಡಿಸುತ್ತಾನೆ. ರಾತ್ರಿ ಬ್ಯಾಟರಿ, ಇನ್ವರ್ಟರ್ ಹೊತ್ತು ತಂದು ನೀರಿಗೆ ಕರೆಂಟ್ ಬಿಡುವವರು ಮಾತ್ರ ಅವನ ಕಣ್ಣಿಗೆ ಬೀಳುವುದೇ ಇಲ್ಲ!

ನನ್ನ ತಕರಾರು ಇಷ್ಟೇ. ಕೆರೆಯನ್ನು ಬಲೆಗೆ ಗುತ್ತಿಗೆ ಕೊಡಿ. ಅದರ ಜೊತೆ ಗಾಳವನ್ನೂ ಕಟ್ಟಿ ಕೊಡಬೇಡಿ.

ಗುತ್ತಿಗೆದಾರರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಮರಿ ಬಿಟ್ಟವರು ಅವರು, ದುಡ್ಡು ಹಾಕಿದವರು ಅವರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ನದಿ ಕಡೆಯ ಮೀನುಗಳು. ಮಳೆಗಾಲದ ಹರಿಯುವ ನೀರು ಸಿಗದಿದ್ದರೆ ಅವು ಮೊಟ್ಟೆ ಇಡುವುದಿಲ್ಲ. ನಿಂತ ಕೆರೆಯಲ್ಲಿ ದಪ್ಪ ಆಗುತ್ತವೆ, ಅಷ್ಟೇ. ಮೊದಲೆಲ್ಲ ನದಿಯಲ್ಲಿ ಮರಿ ಹಿಡಿದು ತರಬೇಕಿತ್ತು. 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಇದೇ ಗೆಂಡೆ (ಕಾರ್ಪ್) ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿ ತೋರಿಸಿದರು. ಊರೂರಿನ ಕೆರೆಗೆ ಮರಿ ಸಿಗುವ ಹಾಗಾದದ್ದು ಆಮೇಲೆ. ಈಗ ಭದ್ರಾ ಅಣೆಕಟ್ಟಿನ ಹತ್ತಿರ ನಮ್ಮ ಬಿ.ಆರ್. ಪ್ರಾಜೆಕ್ಟಿನಲ್ಲೇ ಸರ್ಕಾರದ ಮೀನುಮರಿ ಕೇಂದ್ರ ಇದೆ. ಆದರೂ ಮತ್ತೆ ಮತ್ತೆ ಮರಿ ಕೊಳ್ಳಬೇಕು, ಸಾಗಿಸಬೇಕು, ಬಿಡಬೇಕು. ಯಾರೋ ಬಂದು ಪುಕ್ಕಟೆ ಎತ್ತಿಕೊಂಡು ಹೋದರೆ ಹೊಟ್ಟೆ ಉರಿಯುತ್ತದೆ, ಒಪ್ಪೋಣ.

ಆದರೆ ಗಾಳಕ್ಕೆ ಬೀಳುವುದು ಯಾವ ಮೀನು? ಅದನ್ನು ಯಾರೂ ಕೇಳುವುದಿಲ್ಲ. ಕಾಟ್ಲಾ ಮೇಲುನೀರಿನಲ್ಲಿ ಓಡಾಡಿಕೊಂಡು ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು. ಎರೆಹುಳ ಸಿಕ್ಕಿಸಿದ ಗಾಳಕ್ಕೆ ಅದು ಬಾಯಿ ಹಾಕುವುದು ಅಪರೂಪ. ಬೆಳ್ಳಿ ಗೆಂಡೆಯೂ ಹಾಗೇ. ಹಿಟ್ಟಿನ ಉಂಡೆಗೆ ರೋಹು, ಮೃಗಾಲ್ ಬರುತ್ತವೆ. ಸಾಮಾನ್ಯ ಗೆಂಡೆ ಹುಳಕ್ಕೂ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಹುಡುಗರ ಚೀಲದಲ್ಲಿ ನೋಡಿ. ಪಕ್ಕೆ, ಗಿರ್ಲು ಥರದ ಸಣ್ಣ ಮೀನು, ಮತ್ತೆ ಜಿಲೇಬಿ. ಅದರಲ್ಲೂ ಜಿಲೇಬಿಯೇ ಜಾಸ್ತಿ.

ಜಿಲೇಬಿ ಅಂದರೆ ತಿಲಾಪಿಯಾ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಇದಕ್ಕೆ ಹರಿಯುವ ನೀರೂ ಬೇಡ, ಇಂಜೆಕ್ಷನ್ನೂ ಬೇಡ. ತಾಯಿಯೇ ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡು ಮರಿ ಮಾಡುತ್ತದೆ. ನೋಡುನೋಡುತ್ತಾ ಕೆರೆ ತುಂಬಿಕೊಂಡು, ಮೇವಿಗೆ ಕಾಟ್ಲಾ, ರೋಹುಗಳ ಜೊತೆ ಪೈಪೋಟಿಗೆ ಬೀಳುತ್ತದೆ. ಜಾಗ ಸಾಲದೆ ತಾನೂ ಅಂಗೈ ಅಗಲಕ್ಕೇ ನಿಂತುಬಿಡುತ್ತದೆ. ಇದನ್ನು ಒಂದೊಂದಾಗಿ ಹಿಡಿದು ಮನೆಗೆ ಒಯ್ಯುವ ಹುಡುಗ ಗುತ್ತಿಗೆದಾರನಿಗೆ ಸಂಬಳ ಇಲ್ಲದ ಕೆಲಸಗಾರ, ಅಲ್ವಾ? ಅವನನ್ನೇ ಕಳ್ಳ ಅನ್ನುತ್ತೀರಿ.

ನನಗೆ ಇನ್ನೂ ಬೇಸರದ ವಿಷಯ ಕೊರವ ಮೀನಿನದು. ಈ ಮೀನು ಮರಿ ಮಾಡಿದಾಗ ಸುಮ್ನೆ ದಡದಲ್ಲಿ ಕೂತು ನೋಡಬೇಕು. ಕೆಂಪನೆಯ ಮರಿಗಳ ಗುಂಪು ನೀರಿನ ಮೇಲೆ ಕುದಿಯುತ್ತಾ ಸಾಗುತ್ತದೆ, ಕೆಳಗೆ ತಾಯಿ ತಂದೆ ಕಾವಲು. ಸಾಕಿದ ಮೀನಿನ ಮರಿ ತಿನ್ನುತ್ತದೆ ಅಂತ ಗುತ್ತಿಗೆದಾರನಿಗೆ ಇದು ವೈರಿ. ಬಾಳೆಮೀನೂ ವೈರಿಯೇ. ಹೊಸ ಮರಿ ಬಿಡುವ ಮೊದಲು ಹಳೆಯ ಮೀನುಗಳನ್ನೆಲ್ಲ ಬಳಿದು ತೆಗೆಯುವುದು ಮೀನು ಸಾಕಣೆಯ ಮೊದಲ ಪಾಠ. ಸಾಕುವ ಹೊಂಡಕ್ಕೆ ಆ ಪಾಠ ಸರಿ. ಊರಿನ ಕೆರೆ ಸಾಕುವ ಹೊಂಡವಾ? ಎಷ್ಟು ಮರಿ ಬಿಟ್ಟರು, ಎಷ್ಟು ಟನ್ ತೆಗೆದರು ಅಂತ ಲೆಕ್ಕ ಇಡುತ್ತೇವೆ. ಆ ಕೆರೆಯಲ್ಲಿ ಚೇಳುಮೀನು ಉಳಿದಿದೆಯೋ, ಹಾವುಮೀನು ಉಳಿದಿದೆಯೋ ಅಂತ ಯಾರು ಬರೆದಿಡುತ್ತಾರೆ? ಗಾಳ ಹಾಕುವವನಿಗೆ ಗೊತ್ತಿರುತ್ತದೆ. ಅವನನ್ನು ದಡದಿಂದ ಎಬ್ಬಿಸಿದರೆ ಅದೂ ಹೋಯಿತು.

ಗಾಳದವರು ದಡದಲ್ಲಿದ್ದರೆ ನೀರಿಗೆ ಕಾವಲು ಅನ್ನುವುದು ಕಾವೇರಿಯಲ್ಲಿ ಚೆನ್ನಾಗಿ ಕಾಣಿಸಿತ್ತು. ಅಲ್ಲಿನ ಬಿಳಿಮೀನು, ಅಂದರೆ ಮಹಶೀರ್, ಗಾಳದವರ ಲೋಕದಲ್ಲಿ ದೊಡ್ಡ ಹೆಸರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಕಿಲೋ ಲೆಕ್ಕದಲ್ಲಿ 54ರ ಮೇಲೆ! ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆ ಕಡೆ ವಿದೇಶದವರೂ ಬಂದು ರಾಗಿ ಮುದ್ದೆಯ ಉಂಡೆ ಕಟ್ಟಿ ಗಾಳ ಎಸೆಯುತ್ತಿದ್ದರು. ಹಿಡಿದು, ಫೋಟೋ ತೆಗೆಸಿಕೊಂಡು, ವಾಪಸ್ ಬಿಡುತ್ತಿದ್ದರು. ಅವರ ಜೊತೆಗೆ ಕೆಲಸಕ್ಕಿದ್ದವರು ಅಕ್ಕಪಕ್ಕದ ಹಳ್ಳಿಯವರೇ. ದಡದಲ್ಲಿ ಜನ ಇದ್ದ ಕಡೆ ತೋಟೆ (ನೀರಲ್ಲಿ ಸಿಡಿಸಿ ಮೀನು ಕೊಲ್ಲುವ ಮದ್ದು) ಹಾಕುವವನಿಗೆ ಧೈರ್ಯ ಬರುವುದಿಲ್ಲ. ಆಮೇಲೆ ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ನಿಂತಿತು. ಕಾನೂನು ಇರಬಹುದು. ಆದರೆ ಆ ಮೀನು ಉಳಿದುಬಿಟ್ಟಿತಾ? 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳು, ಕೊಳಕು ನೀರು, ತೋಟೆ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್, ಕಾರಣ ಬೇಕಾದಷ್ಟಿವೆ. ಆ ಸಾಲಿನಲ್ಲಿ ಗಾಳವನ್ನು ಮೊದಲಿಗೆ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಸಾಗರ, ಸೊರಬದ ಕೆರೆಬೇಟೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಒಂದು ದಿನ ಗೊತ್ತು ಮಾಡುತ್ತಾರೆ. ಕೂಣಿಗೆ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿಗೆ, ಇಷ್ಟು ಅಂತ ದುಡ್ಡು. ಸುತ್ತಲಿನ ಊರವರೆಲ್ಲ ಒಟ್ಟಿಗೆ ಇಳಿಯುತ್ತಾರೆ. ಬಂದ ಹಣ ಊರಿನ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಮೀನು ಸಿಗದಿದ್ದರೆ ದುಡ್ಡು ವಾಪಸ್ ಕೊಡಿ ಅಂತ ಜಗಳವೂ ಆಗುತ್ತದೆ, ಅದೂ ನಮ್ಮ ಸಂಪ್ರದಾಯವೇ ಬಿಡಿ. ಆದರೆ ಕೆರೆ ನಮ್ಮದು ಅನ್ನುವ ಮಾತಿಗೆ ಅಲ್ಲಿ ಅರ್ಥ ಇದೆ. ಒಡ್ಡು ಒಡೆದರೆ ಮಣ್ಣು ಹೊರಲು ಬರುವವರು ಇವರೇ ತಾನೆ.

ಗಾಳದವರೆಲ್ಲ ಸಾಚಾ ಅಂತಲೂ ಅಲ್ಲ. ಬೆಂಗಳೂರಿಂದ ಕಾರಲ್ಲಿ ಬಂದು ಸಾಲಾಗಿ ರಾಡ್ ನೆಟ್ಟು, ಬಿಯರ್ ಬಾಟಲಿ ಅಲ್ಲೇ ಒಡೆದು ಹೋಗುವ ತಂಡಗಳನ್ನು ನಾನೂ ನೋಡಿದ್ದೇನೆ. ಬಿಟ್ಟುಹೋದ ನೈಲಾನ್ ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಅದರ ಕಥೆ ಮುಗಿಯಿತು. ಮೊದಲ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಗದ್ದೆಗೆ ಹತ್ತುವ ಮೀನನ್ನು ಟಾರ್ಚ್ ಹಿಡಿದು ಕಡಿಯುವುದಂತೂ ನಮ್ಮ ಮಲೆನಾಡಿನವರದೇ ಚಾಳಿ. ಎಷ್ಟು ರುಚಿಯಾಗಿದ್ದರೂ ಹತ್ತುಮೀನು ಬಿಡಬೇಕು.

ಅದಕ್ಕೇ ನಿಯಮ ಇರಲಿ. ಒಬ್ಬರಿಗೆ ಒಂದೇ ಗಾಳ. ಮನೆ ಸಾರಿಗೆ ಮಾತ್ರ, ಮಾರುವ ಹಾಗಿಲ್ಲ. ಮಳೆಗಾಲದ ಮೊದಲ ಎರಡು ತಿಂಗಳು ಗಾಳವೂ ಬಂದ್. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಯಾವ ಕಾರಣಕ್ಕೂ ವಾಪಸ್ ಬಿಡಬೇಡಿ, ಅದನ್ನು ಸಾಕುವುದನ್ನೇ ಸರ್ಕಾರ ನಿಷೇಧಿಸಿದೆ. ಇಷ್ಟನ್ನು ಹರಾಜಿನ ಷರತ್ತಿನಲ್ಲಿ ಸೇರಿಸಲು ಪಂಚಾಯ್ತಿಗೆ ಕಷ್ಟವೇನಿದೆ? ಗಾಳ ಬಿಟ್ಟು ಹರಾಜು ಕೂಗಿದರೆ ಮೊತ್ತ ಇಳಿಯುತ್ತದೆ ಅನ್ನಬಹುದು. ಒಂದಿಷ್ಟು ಇಳಿಯಲಿ ಬಿಡಿ. ಮುಂದಿನ ಗ್ರಾಮಸಭೆಯಲ್ಲಿ ನಾನಂತೂ ಈ ಮಾತು ಎತ್ತುತ್ತೇನೆ. ನಿಮ್ಮ ಊರಿನ ಕೆರೆ ಹರಾಜಿಗೆ ಬರುವ ಮೊದಲು ನೀವೂ ಎತ್ತಿ.